ದೀಪದೆದುರಿನ ಓದು

ಟೀಚರ್ ತೀರಿಕೊಂಡ ನಂತರದ ಶನಿವಾರ, ದರ್ಬೆಯ ನಮ್ಮ ಭಜನಾ ಮಂದಿರದಲ್ಲಿ ಅವರ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ನನ್ನನ್ನು ಕೇಳಿದರು. ಒಂದೇ ಹೈಸ್ಕೂಲಿನಲ್ಲಿ ಅವರ ಜತೆ ಪಾಠ ಮಾಡಿದವಳು, ನಿವೃತ್ತಿಯ ಮೇಲೂ ಅವರ ಕಂಪೌಂಡ್ ಗೋಡೆಯ ಈಚೆ ಬದಿಯಲ್ಲೇ ಬದುಕಿದವಳು ಎಂಬ ಕಾರಣಕ್ಕೆ. ಎದ್ದು ನಿಂತು, 'ತುಂಬ ಒಳ್ಳೆಯವರು' ಎಂದೆ. ಹೇಳಿದ ಕೂಡಲೇ ಬಾಯಿ ಕಟ್ಟಿತು. ಅವರು ಅಲ್ಲೇ ಎದುರಿಗೆ ಕೂತಿದ್ದರೆ, 'ಯಾವುದರಲ್ಲಿ ಒಳ್ಳೆಯವಳು ಟೀಚರ್? ಸರಿಯಾಗಿ ಹೇಳಿ' ಎಂದು ಖಂಡಿತ ಕೇಳುತ್ತಿದ್ದರು. ಕೂತುಬಿಟ್ಟೆ. ದುಃಖ ತಡೆಯಲಾಗಲಿಲ್ಲವೆಂದು ತಿಳಿದು ಯಾರೋ ನೀರು ತಂದುಕೊಟ್ಟರು.

ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕಂಡದ್ದನ್ನು ಕಂಡಷ್ಟೇ ಬರೆಯುತ್ತೇನೆ. ಬೇರೆಯವರ ಬಾಯಿಂದ ತಿಳಿದದ್ದಾದರೆ ಹಾಗೆಂದು ಹೇಳುತ್ತೇನೆ.

ಅವರು ಹಿಂದಿ ಕಲಿಸುತ್ತಿದ್ದರು, ನಾನು ವಿಜ್ಞಾನ. ಒಬ್ಬರನ್ನೊಬ್ಬರು ಟೀಚರ್ ಎಂದೇ ಕರೆಯುತ್ತಿದ್ದೆವು. ಮದುವೆಯಾಗಿರಲಿಲ್ಲ. ಎತ್ತರದ ಹೆಂಗಸು, ಗಂಜಿ ಹಾಕಿದ ನೂಲಿನ ಸೀರೆ, ಎಣ್ಣೆ ಹಚ್ಚಿ ಬಿಗಿದು ಕಟ್ಟಿದ ಕೂದಲು. ಏನಾದರೂ ಕೇಳಿದರೆ ತಟ್ಟನೆ ಉತ್ತರಿಸುತ್ತಿರಲಿಲ್ಲ. ತುಟಿಯ ಮೇಲೆ ಒಂದು ಬೆರಳು ಇಟ್ಟು, ತೆಗೆದು, ಆಮೇಲೆ ಮಾತು. ಸ್ಟಾಫ್ ರೂಮಿನಲ್ಲಿ ನಾವು ಇಲ್ಲದವರ ಸುದ್ದಿ ತೆಗೆದರೆ ಎದ್ದು ನಿಂತು, 'ನಾನು ವರಾಂಡದಲ್ಲಿ ಇರ್ತೇನೆ. ನಿಮ್ಮದು ಮುಗಿದ ಮೇಲೆ ಕರೀರಿ' ಎಂದು ಹೊರಗೆ ಹೋಗುತ್ತಿದ್ದರು. ಆ ಮಾತಿನಲ್ಲಿ ಕುಹಕ ಇರಲಿಲ್ಲ. ನಿಜವಾಗಿಯೂ ಮಳೆಯ ಇರಚಲಿನಲ್ಲಿ ನಿಂತು ಕಾಯುತ್ತಿದ್ದರು. ಕರೆದರೆ ಬಂದು, ಬಿಟ್ಟಲ್ಲಿಂದ ಚಹಾ ಕುಡಿಯುತ್ತಿದ್ದರು. ನಮಗೆ ನಗು ಬರುತ್ತಿತ್ತು. ಸ್ವಲ್ಪ ಸಿಟ್ಟೂ ಬರುತ್ತಿತ್ತು.

ಮಂದಿರದಲ್ಲಿ ಶನಿವಾರ ಭಜನೆ ಮುಗಿದ ಮೇಲೆ ಪುರಾಣ ಓದುವ ಕ್ರಮ. ಒಬ್ಬರು ಪದ್ಯವನ್ನು ರಾಗವಾಗಿ ಓದುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ. ಓದು ಅವರದು, ಅರ್ಥ ನನ್ನದು. ಅವರ ಸ್ವರ ದಪ್ಪ, ಹೆಂಗಸರದ್ದೆಂದು ತಟ್ಟನೆ ಗೊತ್ತಾಗದಂಥದ್ದು. ಏರಿಸದೆ, ಇಳಿಸದೆ, ಒಂದೊಂದು ಪದವನ್ನೂ ಕೆಳಗೆ ಇಡುವ ಹಾಗೆ ಓದುತ್ತಿದ್ದರು.

ನಾವು ಓದು ಸುರುಮಾಡಿದ ಹೊಸದರಲ್ಲಿ ಒಂದು ಸಂಜೆ, ಸಿಟ್ಟನ್ನು ಗೆಲ್ಲುವ ಬಗ್ಗೆ ಪದ್ಯ ಬಂತು. ಅವರು ನಿಲ್ಲಿಸಿದರು. ಪುಸ್ತಕವನ್ನು ಪೀಠದ ಸಮೇತ ನನ್ನ ಕಡೆ ಸರಿಸಿದರು.

'ಇದನ್ನು ನೀವು ಓದಿ ಟೀಚರ್.'

'ಯಾಕೆ? ಕಣ್ಣಿಗೆ ಎಂತಾಯ್ತು?'

'ಕಣ್ಣಿಗೆ ಎಂತ ಆಗ್ಲಿಲ್ಲ. ಬೆಳಿಗ್ಗೆ ರಿಕ್ಷಾದ ಸಂಜೀವನಿಗೆ ಬೈದಿದ್ದೇನೆ.'

ಕೂತವರೆಲ್ಲ ನಕ್ಕರು. ತಮಾಷೆ ಎಂದೇ ತಿಳಿದು ನಾನೂ ನಕ್ಕು ಓದಿದೆ. ಸೋಮವಾರ ಶಾಲೆಗೆ ಹೋಗುವಾಗ ಅವರು ನೇರ ರಿಕ್ಷಾ ಸ್ಟ್ಯಾಂಡಿಗೆ ಹೋದರು. ನಾನು ಜತೆಗಿದ್ದೆ.

'ಸಂಜೀವ, ಮೊನ್ನೆ ನಾನು ಬೈದದ್ದು ತಪ್ಪು.'

ಸಂಜೀವ ಹೆದರಿ ರಿಕ್ಷಾದಿಂದ ಇಳಿದೇಬಿಟ್ಟ. 'ಎಂತ ಟೀಚರೇ? ಎಲ್ಲಿಯಾದ್ರೂ ಕಂಪ್ಲೇಂಟ್ ಕೊಟ್ಟಿದ್ದೀರಾ?'

'ಇಲ್ಲ ಮಾರಾಯ. ನನಗೆ ಶನಿವಾರ ಓದ್ಲಿಕ್ಕೆ ಉಂಟು.'

'ಓದ್ಲಿಕ್ಕೆ ನಾನೆಂತ ಮಾಡ್ಬೇಕು?'

'ನೀನೆಂತ ಮಾಡುದು ಬೇಡ. ತಪ್ಪಾಯ್ತು, ಅಷ್ಟೇ.'

ಮುಂದಿನ ಶನಿವಾರ ಅದೇ ಪದ್ಯದಿಂದ ಸುರುಮಾಡಿದರು.

ತಾನು ನಡೆಯದ್ದನ್ನು ಬಾಯಿಬಿಟ್ಟು ಓದದ ಈ ಕ್ರಮ ಹೇಗೆ ಬಂತೆಂದು ಒಮ್ಮೆ ಕೇಳಿದ್ದೆ. ಅವರು ಹುಟ್ಟಿದ ಮನೆಯ ಚಾವಡಿಯಲ್ಲಿ ವರ್ಷಕ್ಕೊಮ್ಮೆ ದೈವದ ನೇಮ, ಅಂದರೆ ಭೂತಕೋಲ, ನಡೆಯುತ್ತಿತ್ತು. ದೈವದ ಎದುರು ಅವರ ತಂದೆ ಕೈಮುಗಿದು ನಿಂತು, ಇಂಥದ್ದನ್ನು ನಡೆಸಿಕೊಡುತ್ತೇನೆ ಎಂದು ಒಂದೇ ಒಂದು ಮಾತು ಹೇಳುತ್ತಿದ್ದರು. ಹೇಳಿದ ಮೇಲೆ ಅದು ನಡೆಯಲೇಬೇಕು. ತಪ್ಪುವ ಯೋಚನೆ ಆ ಮನೆಯಲ್ಲಿ ಯಾರಿಗೂ ಬರುತ್ತಿರಲಿಲ್ಲ. 'ಅಲ್ಲಿ ಒಂದು ಮಾತಿಗೆ ಅಷ್ಟು ಹೆದರ್ತೇವೆ. ಇಲ್ಲಿ ದೀಪ ಹಚ್ಚಿ, ದೇವರ ಎದುರು ಕೂತು ಇಷ್ಟೆಲ್ಲ ಮಾತು ಬಾಯಿಬಿಟ್ಟು ಹೇಳ್ತೇವೆ. ಎದ್ದು ಸೀರೆ ಕೊಡವಿ ಹೋಗ್ತೇವೆ. ಅದು ಹೇಗೆ ಟೀಚರ್?' ಎಂದರು. ಓದುವುದೆಂದರೆ ಬರೇ ಓದುವುದು ಎಂದೆ. 'ಹಾಗಾದ್ರೆ ನೇಮದಲ್ಲಿ ಹೇಳಿದ್ದೂ ಬರೇ ಹೇಳಿದ್ದು' ಎಂದರು.

ಮನೆಗೆ ಬಂದವರನ್ನು ಹಸಿದು ಕಳಿಸಬಾರದು ಎಂಬ ಭಾಗ ಓದಲಿಕ್ಕೋಸ್ಕರ ಅವರು ಮಧ್ಯಾಹ್ನ ಒಬ್ಬರಿಗೆ ಹೆಚ್ಚು ಅನ್ನ ಇಡಲು ಸುರುಮಾಡಿದರು. ಸಿಲಿಂಡರ್ ತರುವ ಹಮೀದ್ ತಮಾಷೆಗೆ, 'ಟೀಚರ್ರ ಮನೆಯ ಗ್ಯಾಸ್ ನಾನು ಒಂದು ಗಂಟೆಗೇ ತರುದು. ಇನ್ನು ಸ್ವಲ್ಪ ಬೇಗ ಬೇಗ ಖಾಲಿ ಮಾಡಿ' ಎನ್ನುತ್ತಿದ್ದ. ಉಪವಾಸದ ಮಹಿಮೆ ಬಂದರೆ ಮಾತ್ರ ಪುಸ್ತಕ ನನ್ನ ಕಡೆಗೇ. ಅವರಿಗೆ ಗ್ಯಾಸ್ಟ್ರಿಕ್ ಇತ್ತು, ಆಗುತ್ತಿರಲಿಲ್ಲ. 'ಸಜ್ಜಿಗೆ, ಅವಲಕ್ಕಿ, ಬಾಳೆಹಣ್ಣು ತಿಂದು ನೀವೆಲ್ಲ ಮಾಡ್ತೀರಲ್ಲ, ಅಷ್ಟು ಉಪವಾಸ ನಾನೂ ದಿನಾ ಮಾಡ್ತೇನೆ' ಎಂದು ಒಮ್ಮೆ ಹೇಳಿ ಮಂದಿರದ ಹೆಂಗಸರ ಮುಖ ಸಣ್ಣದು ಮಾಡಿದ್ದರು.

ಓದಲಾಗದ ಪುಟಗಳಿಗೆ ಅವರು ತಲೆಯಿಂದ ಹೇರ್‌ಪಿನ್ ತೆಗೆದು ಸಿಕ್ಕಿಸುತ್ತಿದ್ದರು. ಅದರಂತೆ ನಡೆದಾದ ಮೇಲೆ ಪಿನ್ ತೆಗೆದು ಮತ್ತೆ ಕೂದಲಿಗೆ. ಮಂದಿರದ ಅಧ್ಯಕ್ಷರು, 'ಟೀಚರ್, ಇವತ್ತು ಎಷ್ಟು ಪುಟಕ್ಕೆ ಬೀಗ?' ಎಂದು ಕೇಳುತ್ತಿದ್ದರು. ಪೆರಾಬೆಗೆ ಮದುವೆಯಾಗಿ ಹೋದ ಟೀಚರ ತಂಗಿ ಇನ್ನೂ ಜೋರು. ದರ್ಬೆಗೆ ಬಂದಾಗಲೆಲ್ಲ, 'ನಮ್ಮ ಅಕ್ಕನಿಗೆ ಒಂದೊಂದು ಪುಟಕ್ಕೂ ಲೈಸೆನ್ಸ್ ಬೇಕು ಟೀಚರ್. ಇನ್ನು ಬದುಕ್ಲಿಕ್ಕೂ ಕೇಳಿಯಾಳು' ಎಂದು ನಗಿಸುತ್ತಿದ್ದಳು. ಗುಂಡಗಿನ, ಬಾಯಿತುಂಬ ಮಾತಾಡುವ ಹೆಂಗಸು. ಅಕ್ಕ ಆ ಒಬ್ಬಳ ತಮಾಷೆಗೆ ಮಾತ್ರ ಹಲ್ಲು ಕಾಣುವ ಹಾಗೆ ನಗುತ್ತಿದ್ದರು. ತಂಗಿ ಸಣ್ಣವಳಿದ್ದಾಗ ಕಾಯಿಲೆ ಬಿದ್ದರೆ ಅಕ್ಕನೇ ಬದಿಯಲ್ಲಿ ಕೂತು ಓದಬೇಕಿತ್ತಂತೆ. ಅಮ್ಮ ಓದಿದರೆ ಜ್ವರ ಇಳಿಯುವುದಿಲ್ಲ ಎಂದು ಹಟ ಹಿಡಿಯುತ್ತಿದ್ದಳಂತೆ. ಇದು ತಂಗಿಯೇ ಹೇಳಿದ್ದು.

ಇಷ್ಟರವರೆಗೆ ಎಲ್ಲ ನಗುವ ಹಾಗೆಯೇ ಇತ್ತು.

ಅವರ ಅಮ್ಮ ಅವರ ಜತೆಗೇ ಇದ್ದರು. ಹೃದಯದ ತೊಂದರೆ. ಪುಣೆಯಲ್ಲಿ ಹೋಟೆಲು ನಡೆಸುತ್ತಿದ್ದ ಮಗ, ಇವರಿಬ್ಬರ ತಮ್ಮ, ಒಂದು ಬೆಳಿಗ್ಗೆ ಕುಸಿದು ಬಿದ್ದು ತೀರಿಕೊಂಡ. ಅಮ್ಮನಿಗೆ ಈಗಲೇ ಹೇಳಬೇಡಿ ಎಂದು ಡಾಕ್ಟರು ಹೇಳಿದರು. ಅಕ್ಕತಂಗಿ ಅದಕ್ಕೆ ಒಪ್ಪಿದ್ದು ನಮ್ಮ ಜಗಲಿಯಲ್ಲಿ ಕೂತು. ಅವರ ಮನೆಯಲ್ಲಿ ಅಮ್ಮನಿಗೆ ಕೇಳಿಸೀತೆಂದು. 'ನಾನಾಗಿ ಹೇಳುದಿಲ್ಲ. ಸುಳ್ಳು ಹೇಳು ಅಂತ ಮಾತ್ರ ನನಗೆ ಹೇಳ್ಬೇಡ' ಎಂದರು ಅಕ್ಕ. 'ಸುಳ್ಳು ನಾನು ಹೇಳ್ತೇನೆ, ನೀನು ಸುಮ್ಮನೆ ಇರು. ಅಷ್ಟಾದ್ರೂ ಮಾಡು' ಎಂದಳು ತಂಗಿ. ಆಮೇಲೆ ಅವಳು ದಿನಾ ಪೆರಾಬೆಯಿಂದ ಫೋನ್ ಮಾಡಿ, ಈಗಷ್ಟೇ ಅವ ಮಾತಾಡಿದ, ಹೋಟೆಲಿನಲ್ಲಿ ಜನ ಸಾಲದಂತೆ, ಬರಲಿಕ್ಕೆ ಆಗುವುದಿಲ್ಲವಂತೆ ಎಂದು ಅಮ್ಮನಿಗೆ ಹೇಳುತ್ತಿದ್ದಳು. ಹೇಳಿ, ಫೋನ್ ಇಟ್ಟು ಅಳುತ್ತಿದ್ದಳಂತೆ.

ಟೀಚರ್ ಮನೆಯಲ್ಲೂ ಸಂಜೆ ದೀಪ ಹಚ್ಚಿ ಅಮ್ಮನಿಗೆ ಓದಿ ಹೇಳುತ್ತಿದ್ದರು. ಗೋಡೆಯ ಈಚೆಗೆ ನನಗೆ ಕೇಳಿಸುತ್ತಿತ್ತು. ಒಂದು ಸಂಜೆ ಓದು ನಡುವಿನಲ್ಲಿ ನಿಂತಿತು. ಅಮ್ಮನ ಸ್ವರ ಏನೋ ಕೇಳಿದ ಹಾಗಾಯಿತು. ನಾನು ಕೇಳಿದ್ದು ಇಷ್ಟೇ. ಉಳಿದದ್ದನ್ನು ಅವರೇ ಹೇಳಿದರು.

ಸತ್ಯದ ಬಗ್ಗೆ ಒಂದು ಪದ್ಯ ಬಂದಿತ್ತು. ಅದನ್ನು ಓದಲು ಅವರಿಗೆ ಆಗಲಿಲ್ಲ. ದಾಟಿಸಿ ಓದಬಹುದಿತ್ತು, ಕೇಳುವವರಿಗೆ ಮೋಸವೆಂದು ಅವರು ಯಾವತ್ತೂ ದಾಟಿಸುತ್ತಿರಲಿಲ್ಲ. ಪುಸ್ತಕವನ್ನು ಇನ್ನೊಬ್ಬರಿಗೆ ಕೊಡುವುದು ಕ್ರಮ. ಅಲ್ಲಿದ್ದದ್ದು ಅಮ್ಮ ಒಬ್ಬರೇ. 'ಇದೊಂದು ನೀನು ಓದಮ್ಮ' ಎಂದು ಪುಸ್ತಕ ಸರಿಸಿದರು.

ಅಮ್ಮನಿಗೆ ಮಗಳ ಕ್ರಮ ಗೊತ್ತಿರಲಿಲ್ಲವೇ? ಪದ್ಯವನ್ನು ನೋಡಿದರು, ಮಗಳ ಮುಖ ನೋಡಿದರು. 'ನನ್ನ ಹತ್ರ ಎಂತ ಮುಚ್ಚಿಟ್ಟಿದ್ದಿ?' ಎಂದು ಕೇಳಿದರು. ಆಮೇಲೆ ಅವರೇ, 'ಅವನಿಗೆ ಎಂತಾಯ್ತು?' ಎಂದರು.

ಟೀಚರ್ ಹೇಳಿದರು.

ಅಮ್ಮ ಅಳಲಿಲ್ಲವಂತೆ. ಆ ಪದ್ಯವನ್ನು ತಾನೇ ಓದಿ, ಕನ್ನಡಕ ತೆಗೆದು ಮಲಗಿದರಂತೆ. ಮರುದಿನದಿಂದ ಊಟ ಸೇರಲಿಲ್ಲ. ಗಂಜಿ ಕೊಟ್ಟರೆ ಬಾಯಿಯಲ್ಲಿ ಇಟ್ಟುಕೊಂಡು ಕೂರುತ್ತಿದ್ದರು. ಅದನ್ನು ನಾನೂ ಕಂಡಿದ್ದೇನೆ. ಆ ತಿಂಗಳು ಮುಗಿಯುವ ಮೊದಲೇ ಹೋದರು.

ಅಮ್ಮನನ್ನು ಹೊರಗೆ ಮಲಗಿಸಿದ್ದ ಹೊತ್ತು. ಅಡಿಗೆ ಮನೆಯಲ್ಲಿ, ನಾನು ಅಲ್ಲಿದ್ದ ಹಾಗೆಯೇ, ತಂಗಿ ಅಕ್ಕನ ಎರಡೂ ತೋಳು ಹಿಡಿದು ಕೇಳಿದಳು: 'ಒಂದು ಪುಟ ಓದಿಬಿಟ್ಟಿದ್ರೆ ನಿನ್ನದೆಂತ ಹೋಗ್ತಿತ್ತು? ಹೇಳಕ್ಕ, ಎಂತ ಹೋಗ್ತಿತ್ತು ನಿನ್ನದು?'

ಅಕ್ಕ ತುಟಿಯ ಮೇಲೆ ಬೆರಳು ಇಟ್ಟರು.

'ಅದನ್ನು ಇಡ್ಬೇಡ ನನ್ನ ಎದುರು!' ತಂಗಿ ಆ ಕೈ ತಳ್ಳಿದಳು. 'ನೀನು ಅಮ್ಮನನ್ನು ಕೊಂದದ್ದು. ನಿನ್ನ ಪುಣ್ಯಕ್ಕೋಸ್ಕರ ಕೊಂದದ್ದು.'

ಆ ಮೇಲೆ ಅವರಿಬ್ಬರ ನಡುವೆ ಮಾತು ನಿಂತಿತು. ವರ್ಷಗಳು ಹೋದವು. ಟೀಚರ ಪುಸ್ತಕದಲ್ಲಿ ಪಿನ್ನುಗಳು ಜಾಸ್ತಿಯಾದವು. ಕ್ಷಮೆಯ ಅಧ್ಯಾಯಕ್ಕೆ ಮೊದಲಿನಿಂದ ಕೊನೆಯವರೆಗೆ ಬಿದ್ದಿತು. ಸತ್ಯ ಹೇಳಿದ್ದು ತಪ್ಪು ಎಂದು ಅವರಿಗೆ ಅನ್ನಿಸಲೇ ಇಲ್ಲ. ಹಾಗಾಗಿ ಕ್ಷಮೆ ಕೇಳುವುದು ಸುಳ್ಳಾಗುತ್ತಿತ್ತು. 'ಕೊಂದದ್ದು' ಎಂದ ತಂಗಿಯನ್ನು ಕ್ಷಮಿಸಲಿಕ್ಕೂ ಆಗಿರಲಿಲ್ಲ. 'ಕ್ಷಮಿಸಿದ ಹಾಗೆ ತೋರಿಸ್ಬಹುದು. ಆಗ್ಲಿಲ್ಲ ಟೀಚರ್' ಎಂದಿದ್ದರು. ಅವರಿಗೆ ಕಲ್ಲುಮನಸ್ಸು ಎಂದು ಮಂದಿರದ ಹೆಂಗಸರು ಹೇಳುತ್ತಿದ್ದರು. ಕಲ್ಲಾಗಿದ್ದರೆ ಇಷ್ಟು ವರ್ಷ ದಿನಾ ಸಂಜೆ ಆ ಪುಟ ತೆಗೆದು, ನೋಡಿ, ಮತ್ತೆ ಪಿನ್ ಹಾಕುತ್ತಿರಲಿಲ್ಲ. ಅದನ್ನು ಕಂಡವಳು ನಾನೊಬ್ಬಳೇ.

ತಂಗಿಗೆ ಹೊಟ್ಟೆಯ ಕ್ಯಾನ್ಸರ್ ಆಯಿತು. ಮಂಗಳೂರಿನ ಆಸ್ಪತ್ರೆಯವರು ಇನ್ನು ಮನೆಯಲ್ಲೇ ಇರಲಿ ಎಂದರು. ತಂಗಿಯ ಗಂಡ ನನಗೆ ಫೋನ್ ಮಾಡಿದರು. 'ಅತ್ತಿಗೆಯನ್ನು ಒಂದ್ಸಲ ಕರ್ಕೊಂಡು ಬರ್ತೀರಾ ಟೀಚರ್? ಅವಳಿಗೆ ಅಕ್ಕ ಬಂದು ಓದಬೇಕಂತೆ. ಯಾವುದು ಅಂತ ಅಕ್ಕನಿಗೆ ಗೊತ್ತುಂಟಂತೆ.'

ಗೋಡೆಯ ಹತ್ತಿರ ನಿಂತು ನಾನು ಹೇಳಿದಾಗ ಟೀಚರ್ ಯಾವುದು ಎಂದು ಕೇಳಲಿಲ್ಲ. ಒಳಗೆ ಹೋಗಿ ಪುಸ್ತಕವನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿಕೊಂಡು ಬಂದರು.

ಕಾರು ನಾನು ಓಡಿಸುತ್ತಿದ್ದೆ. ಸವಣೂರು ದಾಟಿದೆವು. ಕುಮಾರಧಾರೆಯ ಸೇತುವೆಯ ಮೇಲೆ, 'ಸ್ವಲ್ಪ ನಿಲ್ಸಿ' ಎಂದರು. ಇಳಿಯಲಿಲ್ಲ. ಕಿಟಕಿಯಿಂದ ನೀರು ನೋಡುತ್ತ ಕೂತರು.

'ಮನೆಯಿಂದ ಹೊರಟಲ್ಲಿಂದ ಹುಡುಕ್ತಾ ಇದ್ದೇನೆ ಟೀಚರ್. ಒಳಗೆ ಇಲ್ಲ.'

'ಎಂತ ಇಲ್ಲ?'

'ಅವಳ ಮೇಲಿನ ಸಿಟ್ಟು ಹೋಗ್ಲಿಲ್ಲ.'

'ಹೋಗದಿದ್ರೆ ಬೇಡ. ಓದಿಬಿಡಿ. ಅವಳು ಹೆಚ್ಚು ದಿನ ಇರುದಿಲ್ಲ.'

'ಹೆಚ್ಚು ದಿನ ಇಲ್ಲದವಳ ಎದುರು ಸುಳ್ಳು ಓದುದಾ?'

'ಸುಳ್ಳಾದ್ರೂ ಅವಳಿಗೆ ಅದು ಬೇಕು.'

ಅವರು ನನ್ನ ಕಡೆ ತಿರುಗಿದರು. ಆ ಮುಖದಲ್ಲಿ ಹಟ ಇರಲಿಲ್ಲ. ಇದನ್ನು ಖಚಿತವಾಗಿ ಬರೆಯಬೇಕು, ಯಾಕೆಂದರೆ ಆಮೇಲೆ ಎಲ್ಲರೂ ಹಟ ಎಂದರು. ಕಳೆದುಹೋದ ವಸ್ತುವನ್ನು ಎಲ್ಲ ಕಡೆ ಹುಡುಕಿ, ಇನ್ನು ಹುಡುಕಲು ಜಾಗವೇ ಇಲ್ಲದವರ ಮುಖ. 'ಬೇರೆ ಯಾರಿಗಾದ್ರೂ ಓದಿಯೇನೋ. ಅವಳಿಗೆ ಆಗುದಿಲ್ಲ' ಎಂದರು.

ತಂಗಿ ಕಿಟಕಿಯ ಹತ್ತಿರ ಮಂಚದ ಮೇಲಿದ್ದಳು. ಗುಂಡಗಿನ ಹೆಂಗಸು ಎಂದೆನಲ್ಲ. ಹಾಸಿಗೆಯ ಮೇಲೆ ಸೀರೆ ಮಾತ್ರ ಇಟ್ಟ ಹಾಗಿತ್ತು. ಅಕ್ಕನನ್ನು ನೋಡಿ, 'ಬಂದೆಯಾ? ನಿನ್ನ ಕೂದಲು ಎಲ್ಲ ಬೆಳ್ಳಗಾಯ್ತಲ್ಲ ಮಾರಾಯ್ತಿ' ಎಂದಳು. ಇಷ್ಟು ವರ್ಷಗಳ ಮೇಲಿನ ಮೊದಲ ಮಾತು ಅದು.

'ಹ್ಞೂಂ' ಎಂದರು ಅಕ್ಕ. ಮಂಚದ ತುದಿಯಲ್ಲಿ ಕೂತು ತಂಗಿಯ ಕಾಲನ್ನು ಮಡಿಲಲ್ಲಿ ಇಟ್ಟುಕೊಂಡರು.

ತಂಗಿಯ ಗಂಡ ದೀಪ ಹಚ್ಚಿ ಸ್ಟೂಲಿನ ಮೇಲೆ ಇಟ್ಟರು. ಅಕ್ಕ ಕೈ ತೊಳೆದು ಬಂದು, ಮೊದಲಿನ ಹಾಗೆಯೇ ಕೂತು, ಪುಸ್ತಕ ಬಿಚ್ಚಿ ಕ್ಷಮೆಯ ಅಧ್ಯಾಯ ತೆಗೆದರು. ಪಿನ್ನುಗಳನ್ನು ಒಂದೊಂದಾಗಿ ತೆಗೆದು ಸ್ಟೂಲಿನ ಮೇಲೆ ಇಟ್ಟರು. ಬಾಯಿ ತೆರೆದರು. ಓದುವ ಮೊದಲಿನ ಉಸಿರು ಎಳೆದುಕೊಂಡದ್ದು ನನಗೆ ಕೇಳಿಸಿತು. ಆ ಉಸಿರು ಹಾಗೆಯೇ ಹೊರಗೆ ಬಂತು.

'ಓದಕ್ಕ.'

'ಬೇರೆ ಯಾವುದಾದ್ರೂ ಓದ್ತೇನೆ. ಇದು ಬಿಟ್ಟು ಯಾವುದು ಬೇಕಾದ್ರೂ ಹೇಳು. ಸಂಜೆವರೆಗೆ ಓದ್ತೇನೆ.'

'ಇದೇ.'

'ನನಗೆ...' ಎಂದವರು ಮತ್ತೆ ಪುಟದ ಕಡೆ ಬಗ್ಗಿದರು.

ನಾನು ತಡೆಯಲಾರದೆ, 'ನಾನು ಓದಲಾ?' ಎಂದೆ.

'ಬೇಡ ಟೀಚರ್' ಎಂದಳು ತಂಗಿ. 'ನನಗೆ ಪುಣ್ಯ ಬೇಕಾಗಿ ಅಲ್ಲ. ಪುಣ್ಯಕ್ಕಾದ್ರೆ ಮೊಬೈಲಿನಲ್ಲಿ ಹಾಕಿದ್ರೂ ಆಗ್ತದೆ. ಅಕ್ಕ ಒಂದು ಪುಟ ನನಗೋಸ್ಕರ ಓದ್ತಾಳಾ ಅಂತ ನೋಡ್ಲಿಕ್ಕೆ.'

ಹೊರಗೆ ಯಾರೋ ಪಂಪು ಚಾಲೂ ಮಾಡಿದರು, ನಿಲ್ಲಿಸಿದರು. ಕೊನೆಗೆ ತಂಗಿಯೇ ಕಾಲು ಎಳೆದುಕೊಂಡಳು. ಸಿಟ್ಟಿನಿಂದ ಅಲ್ಲ, ಅಕ್ಕನಿಗೆ ಏಳಲು ಸುಲಭವಾಗಲಿ ಎಂದು.

'ಸರಿ. ಊಟ ಮಾಡಿ ಹೋಗಿ. ಅವರು ಮಜ್ಜಿಗೆಹುಳಿ ಮಾಡಿದ್ದಾರೆ, ಉಪ್ಪು ಸಮ ಇರ್ಲಿಕ್ಕಿಲ್ಲ' ಎಂದು ಗೋಡೆಯ ಕಡೆ ತಿರುಗಿದಳು.

ಊಟ ಮಾಡಿದೆವು. ಉಪ್ಪು ಸಮ ಇರಲಿಲ್ಲ. ಟೀಚರ್ ಒಂದು ಅಗುಳು ಬಿಡದೆ ಉಂಡರು. ಹೊರಡುವಾಗ ಕೋಣೆಗೆ ಹೋಗಿ ತಂಗಿಯ ಹಣೆಯ ಮೇಲೆ ಕೈ ಇಟ್ಟು ನಿಂತರು. ಅವಳು ನಿದ್ದೆಯಲ್ಲಿದ್ದಳೋ, ಕಣ್ಣು ಮುಚ್ಚಿಕೊಂಡಿದ್ದಳೋ ನನಗೆ ತಿಳಿಯಲಿಲ್ಲ. ಆ ವಾರವೇ ತೀರಿಕೊಂಡಳು.

ಅದಾದ ಮೇಲೆ ಟೀಚರ್ ಎರಡು ಮಳೆಗಾಲ ಬದುಕಿದರು. ಮಂದಿರಕ್ಕೆ ಬರುತ್ತಿದ್ದರು, ಓದಲು ಕೂರಲಿಲ್ಲ. ಹಿಂದಿನ ಸಾಲಿನಲ್ಲಿ ಗೋಡೆಗೆ ಒರಗಿ ಕೇಳಿ, ಪ್ರಸಾದ ತೆಗೆದುಕೊಂಡು ಹೋಗುತ್ತಿದ್ದರು. ಮಧ್ಯಾಹ್ನದ ಅನ್ನ ನಿಲ್ಲಲಿಲ್ಲ. ಸಂಜೆ ಗೋಡೆಯ ಆಚೆಯಿಂದ ಸ್ವರ ಮಾತ್ರ ಇರಲಿಲ್ಲ. ಅವರು ಸರಿಯೇ, ತಪ್ಪೇ ಎಂದು ಎಷ್ಟೋ ಜನ ನನ್ನನ್ನು ಕೇಳಿದ್ದಾರೆ. ನನಗೆ ಈಗಲೂ ಗೊತ್ತಿಲ್ಲ. ಅಷ್ಟು ನೇರವಾಗಿ ಬದುಕಿದ ಇನ್ನೊಬ್ಬರನ್ನು ನಾನು ಕಂಡಿಲ್ಲ. ಅವರನ್ನು ಪ್ರೀತಿಸಿದ ಇಬ್ಬರು ಆ ನೇರಕ್ಕೆ ತಾಗಿ ನೊಂದೇ ಹೋದದ್ದನ್ನೂ ಕಂಡಿದ್ದೇನೆ. ಎರಡನ್ನೂ ಕೂಡಿಸಿ ಒಂದು ಮಾತು ಮಾಡಲು ನನ್ನಿಂದ ಆಗುವುದಿಲ್ಲ.

ಅವರು ಕೊನೆಯ ಸಲ ಓದಿದ್ದು ತಂಗಿಯ ಹದಿಮೂರನೆಯ ದಿನ. ಪೆರಾಬೆಯ ಅಂಗಳದಲ್ಲಿ ಶಾಮಿಯಾನದ ಕೆಳಗೆ ಊಟದ ಪಂಕ್ತಿ ಕೂತಿತ್ತು. ಟೀಚರ್ ಕಾಣಲಿಲ್ಲವೆಂದು ನಾನು ಒಳಗೆ ಹುಡುಕಿಕೊಂಡು ಹೋದೆ. ಅದೇ ಕೋಣೆಯಲ್ಲಿ, ಮಂಚವನ್ನು ಒಯ್ದಿದ್ದ ಖಾಲಿ ಜಾಗದಲ್ಲಿ, ತಂಗಿಯ ಫೋಟೋದ ಎದುರು ದೀಪವಿಟ್ಟು ಕೂತಿದ್ದರು. ಓದುತ್ತಿದ್ದರು. ಕ್ಷಮೆಯ ಅಧ್ಯಾಯ. ಸ್ವರ ಮೊದಲಿನ ಹಾಗೆಯೇ ದಪ್ಪ. ಎಲ್ಲಿಯೂ ತಡೆಯಲಿಲ್ಲ, ನಡುಗಲಿಲ್ಲ. ನಾನು ಬಾಗಿಲ ಹತ್ತಿರ ನೆಲದ ಮೇಲೆ ಕೂತೆ.

ತಂಗಿಯ ಗಂಡ ಸಾರಿನ ಪಾತ್ರೆ ಹಿಡಿದು ಒಳಗಿನಿಂದ ಬರುತ್ತಿದ್ದವರು ನಿಂತರು. ಸ್ವಲ್ಪ ಹೊತ್ತು ಕೇಳಿದರು.

'ಅತ್ತಿಗೆ, ಆಗ ಓದಬಹುದಿತ್ತಲ್ಲ.'

ಟೀಚರ್ ಪದ್ಯ ಮುಗಿಸಿ ತಲೆಯೆತ್ತಿದರು. 'ಆಗ ಒಳಗೆ ಇರ್ಲಿಲ್ಲ. ಅವಳು ಹೋದ ಮೇಲೆ ಬಂತು.'

'ಈಗ ಉಂಟಾ?'

'ಈಗ ಉಂಟು.'

ಅವರು ಫೋಟೋ ನೋಡಿದರು, ಅತ್ತಿಗೆಯನ್ನು ನೋಡಿದರು. 'ಹಾಗಾದ್ರೆ ಅದು ನಿಮ್ಮ ಹತ್ರವೇ ಇರ್ಲಿ' ಎಂದರು. ಸ್ವರದಲ್ಲಿ ಸಿಟ್ಟು ಇರಲಿಲ್ಲ. ಅಂಗಳದಿಂದ ಯಾರೋ ಸಾರು ಎಂದು ಕೂಗಿದರು. ಅವರು ಹೋದರು.

ಅಧ್ಯಾಯದಲ್ಲಿ ಇನ್ನೂ ಕೆಲವು ಪದ್ಯಗಳು ಉಳಿದಿದ್ದವು. ಟೀಚರ್ ಬೆರಳಿನಿಂದ ಸಾಲು ಹುಡುಕಿ, ಮುಂದೆ ಓದಿದರು.